ಖಂಬಾಟಕಿ ಘಾಟದಿಂದ ಧಾರವಾಡದವರೆಗೆ ಹ್ಯಾರಿ–ಪರ್ಸಿ ಜಗಳ

ಪುಣೆಯಿಂದ ಧಾರವಾಡಕ್ಕೆ 400 ಚಿಲ್ಲರೆ ಕಿಲೋಮೀಟರ್. ಹಬ್ಬಕ್ಕೆ ಊರಿಗೆ ಹೋಗುವ ನಮ್ಮಂಥವರು ಬೆಳಗಿನ ನಾಲ್ಕೂವರೆಗೇ ಗಾಡಿ ಹೊರಡಿಸುತ್ತೇವೆ. ಕಾತ್ರಜದ ಸುರಂಗ ದಾಟಿ, ಖೇಡ ಶಿವಾಪುರದ ಟೋಲ್ ಹಿಂದೆ ಬೀಳುವವರೆಗೆ ಯಾರೂ ಬಾಯಿ ಬಿಡುವುದಿಲ್ಲ. ಈ ಸಲದ ದಸರೆಗೆ ಹೊರಟಾಗ ಮಾತ್ರ ಖಂಬಾಟಕಿ ಘಾಟ ಏರುವ ಮೊದಲೇ ಹಿಂದಿನ ಸೀಟಿನಲ್ಲಿ ಜಗಳ ಹತ್ತಿಕೊಂಡಿತು. ಹ್ಯಾರಿ ಪಾಟರ್ ದೊಡ್ಡವನೋ, ಪರ್ಸಿ ಜಾಕ್ಸನ್ ದೊಡ್ಡವನೋ ಎಂದು.

ಒಂದು ಕಡೆ ನನ್ನ ಅಕ್ಕನ ಮಗಳು. 17 ವರ್ಷ, ನಮ್ಮ ಮನೆಯಲ್ಲೇ ಇದ್ದು ಪುಣೆಯಲ್ಲಿ ಕಾಲೇಜಿಗೆ ಹೋಗುತ್ತಾಳೆ. ಪಾಟರ್‌ನ ಏಳೂ ಪುಸ್ತಕಗಳನ್ನು ಎಷ್ಟು ಸಲ ಓದಿದ್ದಾಳೆಂಬ ಲೆಕ್ಕ ಅವಳಿಗೇ ಇಲ್ಲ. ಇನ್ನೊಂದು ಕಡೆ ನನ್ನ ಮಗ, 11 ವರ್ಷ. ಸ್ಟೀರಿಂಗ್ ನನ್ನ ಕೈಯಲ್ಲಿತ್ತಾದರೂ ತೀರ್ಪು ಕೊಡುವ ಹಕ್ಕು ನನಗಿರಲಿಲ್ಲ. ನಾನು ಯಾರ ಕಡೆ ಎಂಬುದು 20 ವರ್ಷ ಹಿಂದೆಯೇ ಗೊತ್ತಾಗಿಹೋಗಿತ್ತು. ಹೆಂಡತಿ ಎರಡನ್ನೂ ಓದಿಲ್ಲ. ಹಾಗಾಗಿ ನ್ಯಾಯಾಧೀಶೆಯ ಕುರ್ಚಿ ಅವಳಿಗೆ.

ಮಕ್ಕಳಿರದ ಮನೆಯವರಿಗಾಗಿ ಸ್ವಲ್ಪ ಹಿನ್ನೆಲೆ. ಜೆ.ಕೆ. ರೋಲಿಂಗ್ ಅವರ ಹ್ಯಾರಿ ಪಾಟರ್ ಸರಣಿಯ ಮೊದಲ ಪುಸ್ತಕ ಬ್ರಿಟನ್ನಿನಲ್ಲಿ ಬಂದದ್ದು 1997ರ ಜೂನ್‌ನಲ್ಲಿ. ಗಟ್ಟಿ ರಟ್ಟಿನ ಮೊದಲ ಮುದ್ರಣ ಬರೀ 500 ಪ್ರತಿ. ಏಳನೆಯದು, ಕೊನೆಯದು, 2007ರ ಜುಲೈನಲ್ಲಿ ಬರುವ ಹೊತ್ತಿಗೆ ಜಗತ್ತಿನ ಊರೂರಲ್ಲಿ ಮಧ್ಯರಾತ್ರಿ ಸಾಲು ನಿಂತಿತ್ತು. ಪರ್ಸಿ ಜಾಕ್ಸನ್ ಅಮೆರಿಕದವನು. ಬರೆದವರು ರಿಕ್ ರಿಯೋರ್ಡನ್, ಟೆಕ್ಸಾಸಿನವರು, ವರ್ಷಾನುಗಟ್ಟಲೆ ಶಾಲೆಯಲ್ಲಿ ಇಂಗ್ಲಿಷ್ ಮತ್ತು ಇತಿಹಾಸ ಕಲಿಸಿದವರು. 2005ರಲ್ಲಿ ‘ದಿ ಲೈಟ್ನಿಂಗ್ ಥೀಫ್’ ಬಂತು, 2009ರಲ್ಲಿ ಐದನೆಯ ಪುಸ್ತಕ ‘ದಿ ಲಾಸ್ಟ್ ಒಲಿಂಪಿಯನ್’.

ಎರಡನ್ನೂ ಪಕ್ಕಪಕ್ಕ ಇಟ್ಟರೆ ಅಣ್ಣತಮ್ಮಂದಿರಂತೆ ಕಾಣುವುದು ನಿಜ. ತಾನು ಮಾಂತ್ರಿಕನೆಂದು ಹ್ಯಾರಿಗೆ ಗೊತ್ತಾಗುವುದು 11ನೇ ಹುಟ್ಟುಹಬ್ಬಕ್ಕೆ. ಗ್ರೀಕರ ಸಮುದ್ರದೇವ ಪೊಸೈಡನ್ನನ ಮಗ ತಾನೆಂದು ಪರ್ಸಿಗೆ ಗೊತ್ತಾಗುವುದು 12ರಲ್ಲಿ. ಅವನಿಗೆ ಹಾಗ್ವರ್ಟ್ಸ್ ಶಾಲೆ, ಇವನಿಗೆ ನ್ಯೂಯಾರ್ಕಿನ ಲಾಂಗ್ ಐಲ್ಯಾಂಡ್‌ನಲ್ಲಿ ಬೇಸಿಗೆ ಶಿಬಿರ. ಇಬ್ಬರಿಗೂ ಒಬ್ಬ ಜಾಣ ಗೆಳತಿ, ಸ್ವಲ್ಪ ಪುಕ್ಕಲನಾದ ಒಬ್ಬ ಗೆಳೆಯ, ಒಂದು ಭವಿಷ್ಯವಾಣಿ, ಮತ್ತೆ ಎದ್ದು ಬರುತ್ತಿರುವ ಒಬ್ಬ ಹಳೇ ಶತ್ರು.

“ಪಕ್ಕಾ ಕಾಪಿ” ಎಂದು ಅಕ್ಕನ ಮಗಳು ಮೊದಲ ಬಾಣ ಬಿಟ್ಟಳು.

“ಹ್ಯಾರಿಗಿಂತ ಮೊದಲ ಯಾರೂ ಸಾಲಿಗೇ ಹೋಗಿದ್ದಿಲ್ಲೇನು?” ಎಂದ ಮಗ.

ಈ ಸುತ್ತಿನಲ್ಲಿ ಅವನೇ ಸರಿ. ಮಾಂತ್ರಿಕರ ಶಾಲೆ ರೋಲಿಂಗ್ ಅವರ ಸ್ವಂತ ಆಸ್ತಿಯೇನಲ್ಲ. ಅರ್ಸುಲಾ ಲೆ ಗ್ವಿನ್ 1968ರಲ್ಲೇ ‘ಎ ವಿಝರ್ಡ್ ಆಫ್ ಅರ್ತ್‌ಸೀ’ಯಲ್ಲಿ ಅಂಥ ಶಾಲೆಯೊಂದನ್ನು ಕಟ್ಟಿ ನಿಲ್ಲಿಸಿದ್ದರು. ಹೆತ್ತವರಾರೆಂದು ತಿಳಿಯದೆ ಬೆಳೆದ ಹುಡುಗನ ಕಥೆಯಂತೂ ಯಾರ ಆಸ್ತಿಯೂ ಅಲ್ಲ. ಆದರೆ ನಾನು ಅಂದು ಬಾಯಿ ಬಿಡಲಿಲ್ಲ. ಪಕ್ಷದ ಶಿಸ್ತು!

ನನಗೆ ಆ ಪಕ್ಷ ಎಷ್ಟು ಹತ್ತಿರದ್ದೆಂದು ಹೇಳದಿದ್ದರೆ ಮುಂದಿನದು ಅರ್ಥವಾಗಲಿಕ್ಕಿಲ್ಲ. ಎಸ್ಸೆಸ್ಸೆಲ್ಸಿಯವರೆಗೆ ನಾನು ಕನ್ನಡ ಮಾಧ್ಯಮ. 2003ರಲ್ಲಿ ಪಿಯುಸಿ ವಿಜ್ಞಾನಕ್ಕೆ ಸೇರಿದಾಗ ಭೌತಶಾಸ್ತ್ರಕ್ಕಿಂತ ಅದನ್ನು ಕಲಿಸುತ್ತಿದ್ದ ಇಂಗ್ಲಿಷೇ ಕಷ್ಟವಾಯಿತು. ಹುಬ್ಬಳ್ಳಿಯ ಹಳೇ ಪುಸ್ತಕದ ಅಂಗಡಿಯೊಂದರಲ್ಲಿ ರಟ್ಟು ಹರಿದ ‘ಪ್ರಿಸನರ್ ಆಫ್ ಅಜ್ಕಬಾನ್’ ಸಿಕ್ಕಿತು. ಅದು ಸರಣಿಯ ಮೂರನೆಯದೆಂದು ಕೊಂಡಾಗ ಗೊತ್ತಿರಲಿಲ್ಲ. ಒಂದು ತೊಡೆಯ ಮೇಲೆ ಆ ಪುಸ್ತಕ, ಇನ್ನೊಂದರ ಮೇಲೆ ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟು. ‘ಮಗಲ್’ ಎಂಬ ಶಬ್ದವನ್ನು ಅದರಲ್ಲಿ ಅರ್ಧ ತಾಸು ಹುಡುಕಿದ್ದೇನೆ. ಸಿಗದಿದ್ದಾಗ ಬೇಸರವಾಗಿದ್ದು ನಿಘಂಟಿನ ಮೇಲೆ, ಇಷ್ಟು ದಪ್ಪ ಇದ್ದೂ ಇಷ್ಟು ಸಾದಾ ಪದ ಇಲ್ಲವಲ್ಲ ಎಂದು. ಮೊದಲ 40 ಪುಟಕ್ಕೆ ಒಂದು ತಿಂಗಳು ಹಿಡಿಯಿತು. ಕೊನೆಯ 100 ಪುಟ ಒಂದೇ ರಾತ್ರಿಗೆ ಮುಗಿಯಿತು. ಆ ರಾತ್ರಿಯ ನಂತರ ಇಂಗ್ಲಿಷ್ ನನಗೆ ಹೆದರಿಕೆಯ ವಿಷಯವಾಗಿ ಉಳಿಯಲಿಲ್ಲ. ಇಂಜಿನಿಯರಿಂಗ್, ಎಂ.ಟೆಕ್, ಪುಣೆಯ ನೌಕರಿ, ಎಲ್ಲದರ ಬುಡದಲ್ಲಿ ಆ ಹರಿದ ಪುಸ್ತಕ ಇದೆಯೆಂದೇ ನಾನು ನಂಬಿದ್ದೆ.

ಅದಕ್ಕೇ ಮಗ ಹುಟ್ಟಿದ ವರ್ಷವೇ ಏಳೂ ಪುಸ್ತಕಗಳ ಪೆಟ್ಟಿಗೆ ಕೊಂಡಿಟ್ಟೆ.

ಅವನು ಮೂರನೇ ತರಗತಿಗೆ ಬಂದಾಗ ಶಾಲೆಯಿಂದ ಚೀಟಿ ಬರತೊಡಗಿದವು. ಓದುವುದಿಲ್ಲ, ಗಮನವಿಲ್ಲ, ಸೋಮಾರಿ. ಮನೆಯಲ್ಲಿ ಚುರುಕಾಗಿ ಮಾತಾಡುವ, ಒಮ್ಮೆ ಕೇಳಿದ ಕಥೆಯನ್ನು ಸಾಲುಸಾಲಾಗಿ ಒಪ್ಪಿಸುವ ಹುಡುಗ, ಪುಟ ಎದುರಿಗಿಟ್ಟರೆ ಮೂರಕ್ಷರದ ಪದವನ್ನೂ ಹಿಂದುಮುಂದಾಗಿ ಓದುತ್ತಿದ್ದ. ನಾನು ಶಾಲೆಯ ಮಾತನ್ನೇ ನಂಬಿದೆ. ಔಷಧ ನನ್ನ ಬಳಿಯೇ ಇತ್ತಲ್ಲ! ದಿನಕ್ಕೆ 5 ಪುಟ ‘ಫಿಲಾಸಫರ್ಸ್ ಸ್ಟೋನ್’, ಓದಿದ್ದಕ್ಕೆ ಎಕ್ಸೆಲ್ ಶೀಟಿನಲ್ಲಿ ಹಸಿರು, ಓದದ್ದಕ್ಕೆ ಕೆಂಪು. ಮೂರು ತಿಂಗಳಲ್ಲಿ ಶೀಟು ತುಂಬ ಕೆಂಪಾಯಿತು. ಒಂದು ದಿನ ಪುಸ್ತಕವೇ ಮಾಯ. ಹದಿನೈದು ದಿನದ ಮೇಲೆ ಹೆಂಡತಿ ಅಕ್ಕಿ ಡಬ್ಬಿಯ ತಳದಿಂದ ಅದನ್ನು ತೆಗೆದಳು. ಅವನನ್ನು ಬೈದೆ. ಎಂಟು ವರ್ಷದ ಹುಡುಗನೊಬ್ಬ ಪುಸ್ತಕವನ್ನು ಅಕ್ಕಿಯಲ್ಲಿ ಹೂಳಬೇಕಾದರೆ ಅವನಿಗೆ ಏನಾಗುತ್ತಿರಬಹುದೆಂದು ಕೇಳಲಿಲ್ಲ.

ಒಂಬತ್ತನೇ ವರ್ಷಕ್ಕೆ ಪರೀಕ್ಷೆ ಮಾಡಿಸಿದೆವು. ಡಿಸ್ಲೆಕ್ಸಿಯಾ. ಬುದ್ಧಿಗೂ ಇದಕ್ಕೂ ಸಂಬಂಧವಿಲ್ಲ, ಅಕ್ಷರವನ್ನು ಧ್ವನಿಗೆ ಹೊಂದಿಸುವ ಕೆಲಸ ಈ ಮಕ್ಕಳಿಗೆ ಕಷ್ಟ, ಅದರಲ್ಲೂ ಬರೆಯುವುದೊಂದು ಓದುವುದೊಂದು ಆಗಿರುವ ಇಂಗ್ಲಿಷಿನಲ್ಲಿ ಇನ್ನೂ ಕಷ್ಟ ಎಂದು ತಿಳಿಸಿ ಹೇಳಿದರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಕಲಿಕಾ ನ್ಯೂನತೆಯೂ ಸೇರಿದೆ ಎಂಬುದನ್ನು ಗೊತ್ತುಮಾಡಿಕೊಂಡು, ಆ ಕಾಗದ ಹಿಡಿದು ಶಾಲೆಗೆ ಹೋಗಿ ಕೂತದ್ದು ಬೇರೆಯೇ ಕಥೆ. ವಾರಕ್ಕೆರಡು ದಿನ ಅವನಿಗೆ ಕಲಿಸಲು ಬರುತ್ತಿದ್ದ ಶಿಕ್ಷಕಿಯೇ ‘ದಿ ಲೈಟ್ನಿಂಗ್ ಥೀಫ್’ ಕೊಟ್ಟದ್ದು, ಜೊತೆಗೆ ಅದರ ಆಡಿಯೊ. ಕಿವಿಯಲ್ಲಿ ಕೇಳುತ್ತ, ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಓದಲಿ ಎಂದು. ನನಗೆ ಒಳಗೊಳಗೇ ಅಸಮಾಧಾನ. ಕೇಳುವುದೂ ಒಂದು ಓದೇ?

ಎರಡನೆಯ ದಿನವೋ ಮೂರನೆಯ ದಿನವೋ ಅವನು ಅಡುಗೆಮನೆಗೆ ಓಡಿಬಂದ. “ಅಪ್ಪಾ, ಇವಗೂ ಅಕ್ಷರ ಓಡಾಡ್ತಾವಂತ!”

ಪರ್ಸಿ ಜಾಕ್ಸನ್‌ಗೆ ಡಿಸ್ಲೆಕ್ಸಿಯಾ ಇದೆ. ಗಮನ ನಿಲ್ಲದ ಎಡಿಎಚ್‌ಡಿ ಕೂಡ ಇದೆ. ಆರು ವರ್ಷದಲ್ಲಿ ಆರು ಶಾಲೆಗಳಿಂದ ಹೊರಹಾಕಿಸಿಕೊಂಡ ಹುಡುಗ ಅವನು. ಶಿಬಿರಕ್ಕೆ ಹೋದ ಮೇಲೆ ಅವನಿಗೆ ತಿಳಿಯುತ್ತದೆ, ಅವನ ಮಿದುಳು ತಯಾರಾದದ್ದೇ ಪ್ರಾಚೀನ ಗ್ರೀಕ್ ಓದುವುದಕ್ಕೆ, ಅದಕ್ಕೇ ಇಂಗ್ಲಿಷ್ ಅಕ್ಷರಗಳು ಪುಟದ ಮೇಲೆ ನಿಲ್ಲುವುದಿಲ್ಲ. ಅವನ ಚಡಪಡಿಕೆ ಯುದ್ಧದಲ್ಲಿ ಜೀವ ಉಳಿಸುವ ಚುರುಕು. ರಿಯೋರ್ಡನ್ ಇದನ್ನು ಆಕಾಶದಿಂದ ತರಲಿಲ್ಲ. ಅವರ ಮಗನಿಗೆ ಇವೆರಡೂ ಇದ್ದವು. ಎರಡನೇ ತರಗತಿಯ ಆ ಹುಡುಗನಿಗೆ ಶಾಲೆಯಲ್ಲಿ ರುಚಿಸಿದ್ದು ಗ್ರೀಕ್ ಪುರಾಣ ಒಂದೇ. ರಾತ್ರಿ ಮಲಗುವಾಗ ಅಪ್ಪ ಒಂದೊಂದಾಗಿ ಹೇಳುತ್ತ ಬಂದು ಕಥೆಗಳೆಲ್ಲ ಖಾಲಿಯಾದಾಗ, ಹೊಸದೊಂದು ಹೇಳು ಎಂದ ಮಗ. ಮೂರು ರಾತ್ರಿ ಹೇಳಿದ ಆ ಕಥೆಯನ್ನು ಮಗನ ಹಟಕ್ಕೇ ಬರೆದಿಟ್ಟರು.

ಇಷ್ಟೆಲ್ಲ ಹಿನ್ನೆಲೆ ಇರುವುದರಿಂದ ಕಾರಿನೊಳಗಿನ ಜಗಳ ಬರೀ ಪುಸ್ತಕದ್ದಾಗಿರಲಿಲ್ಲ. ಅಕ್ಕನ ಮಗಳಿಗೂ ಅದು ಗೊತ್ತು. ಆದರೂ ಅವಳು ಅವನಿಗೆ ರಿಯಾಯಿತಿ ತೋರಿಸಲಿಲ್ಲ. ಅದು ನನಗೆ ಹಿಡಿಸಿತು.

ಕರಾಡದಲ್ಲಿ ಉಪ್ಪಿಟ್ಟು ತಿನ್ನುತ್ತ ಅವಳು ಮಂಡಿಸಿದ್ದು ಕಟ್ಟಡದ ವಾದ. ಇದರಲ್ಲಿ ನಾನೂ ಸಾಥ್ ಕೊಟ್ಟೆ, ಏಕೆಂದರೆ ಇದು ನಮ್ಮ ಕಸುಬಿನ ಭಾಷೆ. ರೋಲಿಂಗ್ ಅವರು ಒಂದು ಹೆಸರನ್ನು ಎಲ್ಲಿ ಬಿತ್ತಿ ಎಲ್ಲಿ ಬೆಳೆ ತೆಗೆಯುತ್ತಾರೆ ನೋಡಿ. ಮೊದಲ ಪುಸ್ತಕದ ಮೊದಲ ಅಧ್ಯಾಯದಲ್ಲಿ ಹ್ಯಾಗ್ರಿಡ್ ಹಾರುವ ಮೋಟಾರ್‌ಸೈಕಲ್ ತರುತ್ತಾನೆ, ಯಾರದೆಂದು ಕೇಳಿದರೆ ಸಿರಿಯಸ್ ಬ್ಲ್ಯಾಕ್‌ನದು ಎನ್ನುತ್ತಾನೆ. ಅಷ್ಟೇ. ಆ ಹೆಸರಿನ ಮನುಷ್ಯ ಕಥೆಯ ನಡುಮನೆಗೆ ಬರುವುದು ಮೂರನೇ ಪುಸ್ತಕದಲ್ಲಿ. ಎರಡನೆಯದರಲ್ಲಿ ಒಡೆದುಬೀಳುವ ಹಳೇ ಕಪಾಟೊಂದು ಐದರಲ್ಲಿ ಒಬ್ಬ ಹುಡುಗನನ್ನು ನುಂಗುತ್ತದೆ, ಆರರಲ್ಲಿ ಶತ್ರುಗಳೆಲ್ಲ ಅದರ ಮೂಲಕವೇ ಶಾಲೆಯೊಳಕ್ಕೆ ನುಗ್ಗುತ್ತಾರೆ. ಐದನೆಯದರಲ್ಲಿ ಮನೆ ಸ್ವಚ್ಛ ಮಾಡುವಾಗ ಯಾರಿಗೂ ತೆರೆಯಲು ಬಾರದ ಒಂದು ಲಾಕೆಟ್ ಸಿಗುತ್ತದೆ, ಓದುಗ ಅದನ್ನು ಕಸವೆಂದೇ ದಾಟಿಹೋಗುತ್ತಾನೆ. ಏಳನೆಯದರಲ್ಲಿ ಅದೇ ಲಾಕೆಟ್ಟಿಗಾಗಿ ಜೀವ ಹೋಗುವಷ್ಟು ಅಲೆದಾಟ. ಹತ್ತು ಲಕ್ಷ ಪದ ಮೀರಿದ ಬರಹದಲ್ಲಿ ಇಷ್ಟು ಎಳೆಗಳನ್ನು ಕೈಬಿಡದೆ ಹಿಡಿದಿರುವುದು ಸಾಮಾನ್ಯವಲ್ಲ. ನಾವು ಎರಡು ವರ್ಷ ಹಿಂದೆ ಬರೆದ ಕೋಡನ್ನು ನಾವೇ ಗುರುತು ಹಿಡಿಯುವುದಿಲ್ಲ.

ಪರ್ಸಿಯಲ್ಲಿ ಅಂಥ ನೇಯ್ಗೆ ಕಡಿಮೆ. ಪ್ರತಿ ಪುಸ್ತಕದಲ್ಲೂ ಶಿಬಿರದಿಂದ ಒಂದು ಸಾಹಸಕ್ಕೆ ಹೊರಡುವುದು, ದಾರಿಯಲ್ಲಿ ಅಧ್ಯಾಯಕ್ಕೊಂದು ರಾಕ್ಷಸ, ಕಿಸೆಯ ಪೆನ್ನು ಕತ್ತಿಯಾಗುವುದು, ರಾಕ್ಷಸ ಧೂಳಾಗುವುದು. 12ರ ಪರ್ಸಿಯೂ 16ರ ಪರ್ಸಿಯೂ ಒಂದೇ ದನಿಯಲ್ಲಿ ಚಟಾಕಿ ಹಾರಿಸುತ್ತಾರೆ. ಯಾರಾದರೂ ಸತ್ತರೆ ದುಃಖ ಇಳಿಯುವ ಮೊದಲೇ ಒಂದು ಜೋಕು. ಪಾಟರ್ ಹಾಗಲ್ಲ, ಓದುಗನ ಜೊತೆ ಬೆಳೆಯುತ್ತದೆ. ಬ್ರಿಟಿಷ್ ಆವೃತ್ತಿಯಲ್ಲಿ ಮೊದಲ ಪುಸ್ತಕ 223 ಪುಟ, ಐದನೆಯದು 766. ನಾಲ್ಕನೆಯದರ ಕೊನೆಯಲ್ಲಿ ಸೆಡ್ರಿಕ್ ಸತ್ತ ಮೇಲೆ ಆ ಸಾವು ಮುಂದಿನ ಪುಸ್ತಕದುದ್ದಕ್ಕೂ ಹ್ಯಾರಿಯನ್ನು ಬಿಡುವುದಿಲ್ಲ.

“766 ಪುಟ ಅಂದ್ರ ಅದು ಪುಸ್ತಕ ಅಲ್ಲ, ಇಟ್ಟಂಗಿ” ಎಂದ ಮಗ. ಪರ್ಸಿಯ ಐದರಲ್ಲಿ ಯಾವುದೂ ಮೊದಲ ಅಮೆರಿಕನ್ ಆವೃತ್ತಿಯಲ್ಲಿ 400 ಪುಟ ಮುಟ್ಟಿಲ್ಲ. ನಮಗೆ ಇದು ಸಣ್ಣ ಮಾತು. ಒಂದು ಪುಟಕ್ಕೆ ಹತ್ತು ನಿಮಿಷ ಬೇಕಾಗುವವನಿಗೆ ಸಣ್ಣ ಮಾತಲ್ಲ. ಅವನು ಇನ್ನೊಂದನ್ನೂ ಸೇರಿಸಿದ: ಪಾಟರ್‌ನಲ್ಲಿ ಯಾರೋ ಹ್ಯಾರಿಯ ಬಗ್ಗೆ ಹೇಳುತ್ತಾರೆ, ಇಲ್ಲಿ ಪರ್ಸಿಯೇ ಎದುರಿಗೆ ಕೂತು ಹೇಳುತ್ತಾನೆ. ಹೌದು, ಉತ್ತಮ ಪುರುಷದ ಆ ನಿರೂಪಣೆಯಲ್ಲಿ ವಾಕ್ಯಗಳು ಚಿಕ್ಕವು, ಮಾತಿನ ವೇಗದವು. ಒಂದು ಕಡೆ ತೊಡಕಿದರೂ ಮುಂದಿನ ಸಾಲು ಎತ್ತಿ ನಿಲ್ಲಿಸುತ್ತದೆ. ಅದನ್ನು ನಾನು ಅಲ್ಲಿಯವರೆಗೆ ಬರವಣಿಗೆಯ ಬಡತನ ಎಂದುಕೊಂಡಿದ್ದೆ.

ಆಮೇಲೆ ಕ್ವಿಡಿಚ್‌ಗೆ ಬಂತು. ಒಂದು ಗೋಲಿಗೆ 10 ಅಂಕ, ಚಿನ್ನದ ಸ್ನಿಚ್ ಹಿಡಿದವರಿಗೆ 150, ಅದರೊಂದಿಗೆ ಆಟವೇ ಮುಗಿಯುತ್ತದೆ. ಹಾಗಾದರೆ ಉಳಿದ ಆರು ಮಂದಿ ಯಾಕೆ ಹಾರಾಡಬೇಕು? ಇದು ಮಗನ ಪ್ರಶ್ನೆ. ನಾಲ್ಕನೇ ಪುಸ್ತಕದ ವಿಶ್ವಕಪ್ ಫೈನಲ್ಲಿನಲ್ಲಿ ಕ್ರಮ್ ಸ್ನಿಚ್ ಹಿಡಿದರೂ ಬಲ್ಗೇರಿಯಾ 160–170ರಿಂದ ಸೋಲುತ್ತದಲ್ಲ ಎಂದು ಅಕ್ಕನ ಮಗಳು ಥಟ್ಟನೆ ತಿರುಗಿಸಿದಳು. ಕಾಲ ತಿರುಗಿಸುವ ಯಂತ್ರದ ವಿಷಯದಲ್ಲಿ ಮಾತ್ರ ಅವಳ ಬಳಿ ಉತ್ತರವಿರಲಿಲ್ಲ. ಮೂರನೇ ಪುಸ್ತಕದಲ್ಲಿ ಹರ್ಮಯನಿಯ ಕೊರಳಲ್ಲಿ ಅಂಥದ್ದೊಂದು ಇದ್ದಮೇಲೆ ಮುಂದೆ ಯಾರನ್ನೂ ಸಾಯಲು ಬಿಡಬೇಕಾಗಿರಲಿಲ್ಲ. ಐದನೆಯದರಲ್ಲಿ ಅವೆಲ್ಲ ಒಡೆದುಹೋಗುತ್ತವೆ. ನಮ್ಮಲ್ಲಿ ಇದನ್ನು ಸದ್ದಿಲ್ಲದೆ ಫೀಚರ್ ತೆಗೆಯುವುದು ಎನ್ನುತ್ತಾರೆ.

ಪರ್ಸಿಯ ಬಗ್ಗೆ ನನಗಿದ್ದ ದೊಡ್ಡ ತಕರಾರು ಬೇರೆ. ಗ್ರೀಕ್ ದೇವತೆಗಳು ಅಮೆರಿಕಕ್ಕೆ ಯಾಕೆ ಬಂದರು? ಒಲಿಂಪಸ್ ಪರ್ವತ ಈಗ ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡದ 600ನೇ ಮಹಡಿಯಲ್ಲಿದೆ. ಪಶ್ಚಿಮದ ನಾಗರಿಕತೆಯ ಜ್ಯೋತಿ ಎಲ್ಲಿ ಪ್ರಬಲವೋ ಅಲ್ಲಿಗೆ ದೇವರುಗಳೂ ಗಂಟುಮೂಟೆ ಕಟ್ಟುತ್ತಾರೆಂಬುದು ಕಥೆಯ ವಿವರಣೆ. ಅಂದರೆ ದೇವರುಗಳೂ ನಮ್ಮಂತೆ ಆನ್‌ಸೈಟ್ ಸಿಕ್ಕಲ್ಲಿಗೆ ಹೋಗುವವರು! ಇದನ್ನು ಹೇಳಿ ನಾನು ಗೆದ್ದೆನೆಂದುಕೊಂಡೆ. ಮಗ ಕೇಳಿದ, ಹಾಗ್ವರ್ಟ್ಸ್‌ನಲ್ಲಿ ನಮ್ಮವರು ಎಷ್ಟು ಮಂದಿ? ಪಾರ್ವತಿ ಪಾಟೀಲ, ಪದ್ಮಾ ಪಾಟೀಲ. ಅವಳಿಜವಳಿ ಅಕ್ಕತಂಗಿಯರು. ನಾಲ್ಕನೇ ಪುಸ್ತಕದ ನೃತ್ಯಕೂಟಕ್ಕೆ ಇಬ್ಬರನ್ನೂ ಕರೆದುಕೊಂಡು ಹೋಗಿ ಹ್ಯಾರಿ ಮತ್ತು ರಾನ್ ಮೂಲೆಯಲ್ಲಿ ಮುಖ ಗಂಟಿಕ್ಕಿ ಕೂರುತ್ತಾರೆ. ಪಾಟೀಲರ ಹುಡುಗಿಯರಿಗೆ ಆದ ಅವಮಾನವನ್ನು ಬೆಳಗಾವಿ–ಧಾರವಾಡದ ಕಡೆಯವರಾದ ನಾವು ಇಷ್ಟು ವರ್ಷ ಹೇಗೆ ನುಂಗಿಕೊಂಡೆವೋ.

ಕೊಲ್ಹಾಪುರ ದಾಟಿ ಹೆಂಡತಿ ಸ್ಟೀರಿಂಗ್ ತೆಗೆದುಕೊಂಡಳು. ಆಗ ಅಕ್ಕನ ಮಗಳು ತನ್ನ ದೊಡ್ಡ ಅಸ್ತ್ರ ತೆಗೆದಳು. ಸ್ವರ ಸ್ವಲ್ಪ ಮೆತ್ತಗಾಗಿತ್ತು. “ನಮ್ಮ ಪುಸ್ತಕದಾಗನೂ ನಿನ್ನಂಥಾವ ಇದ್ದಾನ. ನೆವಿಲ್.”

ನೆವಿಲ್ ಲಾಂಗ್‌ಬಾಟಮ್. ಎಲ್ಲ ಮರೆಯುವ, ಮಂತ್ರ ತಪ್ಪುವ, ತರಗತಿಯಲ್ಲಿ ಮೇಷ್ಟ್ರಿಂದ ದಿನವೂ ಮುಖಭಂಗ ಅನುಭವಿಸುವ ದುಂಡು ಮುಖದ ಹುಡುಗ. ಮೊದಲ ಪುಸ್ತಕದ ಕೊನೆಯಲ್ಲಿ ಅವನು ಗಳಿಸುವ ಹತ್ತೇ ಹತ್ತು ಅಂಕದಿಂದ ಅವನ ಬಣ ಗೆಲ್ಲುತ್ತದೆ. ಕೊನೆಯ ಪುಸ್ತಕದಲ್ಲಿ ಶತ್ರುವಿನ ಸರ್ಪವನ್ನು ಕತ್ತರಿಸುವವನು ಅವನೇ. ಭವಿಷ್ಯವಾಣಿ ಹೇಳಿದ ಹುಡುಗ ಹ್ಯಾರಿಯೇ ಆಗಬೇಕೆಂದಿರಲಿಲ್ಲ, ಅದೇ ಜುಲೈ ಕೊನೆಯಲ್ಲಿ ಹುಟ್ಟಿದ ನೆವಿಲ್ಲನೂ ಆಗಬಹುದಿತ್ತು. ರೋಲಿಂಗ್ ಅವರ ಪಾತ್ರಗಳಲ್ಲಿ ನನಗೆ ಅತ್ಯಂತ ಪ್ರಿಯನಾದವನೂ ಅವನೇ. ಒಳ್ಳೆಯ ವಾದ.

ಮಗ ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿದ. “ಆದ್ರ ಪುಸ್ತಕದ ಹೆಸರು ನೆವಿಲ್ ಅಲ್ಲಲ್ಲ” ಎಂದ.

ಗಾಡಿಯಲ್ಲಿ ಯಾರೂ ಮಾತಾಡಲಿಲ್ಲ. ಕೊಗನೊಳ್ಳಿ ಟೋಲ್ ಬಂತು. ಗಡಿ ದಾಟುತ್ತಿದ್ದಂತೆ ಕನ್ನಡ ಫಲಕಗಳು ಶುರುವಾಗುತ್ತವೆ. ಅವನು ಎಂದಿನಂತೆ ಅವುಗಳನ್ನು ಒಂದೊಂದೇ ಅಕ್ಷರ ಬಿಡಿಸಿ ಓದತೊಡಗಿದ. ನಿಪ್ಪಾಣಿ. ಸಂಕೇಶ್ವರ. ಒತ್ತಕ್ಷರದ ಹತ್ತಿರ ತಡವರಿಸುತ್ತಾನೆ, ನಿಧಾನ, ಆದರೆ ಬರೆದದ್ದನ್ನೇ ಓದುತ್ತಾನೆ. ರಜೆಯಲ್ಲಿ ಅಜ್ಜಿ ಕಲಿಸಿದ್ದು.

ಅವನ ಸಮಾಧಾನಕ್ಕೆಂದು, ನಿನ್ನ ಮಿದುಳೂ ಪರ್ಸಿಯದರ ಹಾಗೆ ವಿಶೇಷದ್ದೇ ಎಂದು ನಾನು ಬಾಯಿ ಹಾಕಿದೆ. ಅವನ ಶಿಕ್ಷಕಿ ಹಾಗೆ ಹೇಳಬೇಡಿ ಎಂದು ಎಚ್ಚರಿಸಿದ್ದರು. ಕಷ್ಟವನ್ನು ವರ ಎಂದು ಬಣ್ಣ ಹಚ್ಚಿದರೆ ಮಗುವಿಗೆ ನಾಳೆ ಕಷ್ಟವಾದಾಗ ಹೇಳಿಕೊಳ್ಳಲೂ ಆಗುವುದಿಲ್ಲ ಎಂದು. ಪರ್ಸಿ ಸರಣಿಯ ಮೇಲೆ ಮಾಡಬಹುದಾದ ಗಂಭೀರ ಟೀಕೆಯೂ ಅದೇ ಎಂದು ನನಗನಿಸುತ್ತದೆ. ಮಗ ನನಗಿಂತ ಸ್ಪಷ್ಟವಾಗಿದ್ದ. “ಗ್ರೀಕ್ ಬರ್ತದ ಅನ್ನೋದು ಸುಳ್ಳು, ಗೊತ್ತದ ನನಗ. ಅವ ದಡ್ಡ ಅಲ್ಲ ಅನ್ನೋದು ಖರೆ.”

ಮುಂದಿನದನ್ನು ಹೇಳುವಾಗ ಕಥೆಯ ಗುಟ್ಟು ಬಿಡದೆ ಗತಿಯಿಲ್ಲ, ಓದಬೇಕೆಂದಿರುವವರು ಕ್ಷಮಿಸಬೇಕು. ಎರಡು ಸರಣಿಗಳ ನಿಜವಾದ ವ್ಯತ್ಯಾಸ ಕೊನೆಯಲ್ಲಿದೆ. ಪರ್ಸಿಯ ಜಗತ್ತಿನಲ್ಲಿ ದೇವರುಗಳು ಭೂಮಿಯ ಮೇಲೆ ಮಕ್ಕಳನ್ನು ಹುಟ್ಟಿಸಿ ಮರೆತುಬಿಡುತ್ತಾರೆ. ಯಾರ ಮಕ್ಕಳೆಂದು ತಿಳಿಯದವರನ್ನೆಲ್ಲ ಶಿಬಿರದಲ್ಲಿ ಹರ್ಮೀಸ್‌ನ ಕೊಠಡಿಗೆ ತುಂಬುತ್ತಾರೆ, ನೆಲದ ಮೇಲೆ ಹಾಸಿಗೆ. ಪರ್ಸಿ ಕೂಡ ಮೊದಲು ಅಲ್ಲೇ ಮಲಗಿದವನು. ಅಲ್ಲಿನ ಹಿರಿಯ ಹುಡುಗ ಲ್ಯೂಕ್, ಹರ್ಮೀಸ್‌ನ ಮಗ. ಬೇಕಾದಾಗ ಬರದ ಅಪ್ಪನ ಮೇಲಿನ ಸಿಟ್ಟಿಗೆ ಅವನು ಶತ್ರು ಕ್ರೋನಸ್‌ನ ಪಕ್ಷ ಸೇರುತ್ತಾನೆ. ಅವನು ಹಿಡಿದ ದಾರಿ ತಪ್ಪು. ಅವನ ದೂರು ತಪ್ಪಲ್ಲ. ಯುದ್ಧ ಮುಗಿದಾಗ ದೇವರುಗಳು ಪರ್ಸಿಗೆ ಅಮರತ್ವವನ್ನೇ ಕೊಡಲು ಮುಂದೆ ಬರುತ್ತಾರೆ. ಅವನು ಬೇಡ ಎನ್ನುತ್ತಾನೆ. ಬದಲಿಗೆ ಕೇಳುವುದಿಷ್ಟು: ಇನ್ನು ಮುಂದೆ ಪ್ರತಿ ಮಗುವಿಗೆ 13 ತುಂಬುವುದರೊಳಗೆ ಅದು ತಮ್ಮದೆಂದು ಒಪ್ಪಿಕೊಳ್ಳಿ, ಸಣ್ಣಪುಟ್ಟ ದೇವತೆಗಳ ಮಕ್ಕಳಿಗೂ ಶಿಬಿರದಲ್ಲಿ ಮನೆ ಕಟ್ಟಿಕೊಡಿ. ಅಂದರೆ ಪರ್ಸಿ ಸೋಲಿಸಿದ ಶತ್ರುವಿನ ದೂರನ್ನೇ ಎತ್ತಿಕೊಂಡು ಗೆದ್ದವರ ಮುಂದೆ ಇಡುತ್ತಾನೆ.

ಹ್ಯಾರಿಯ ಕಥೆ ಮುಗಿದು 19 ವರ್ಷದ ಮೇಲೂ ರೈಲು ಅದೇ ಪ್ಲಾಟ್‌ಫಾರ್ಮಿನಿಂದ ಹೊರಡುತ್ತದೆ. ಮಕ್ಕಳನ್ನು ನಾಲ್ಕು ಬಣಗಳಾಗಿ ಹಂಚುವುದು ನಡೆದೇ ಇದೆ, ಸ್ಲಿದರಿನ್‌ಗೆ ಹಾಕಿದರೆ ಏನು ಗತಿ ಎಂದು ಹ್ಯಾರಿಯ ಮಗನೇ ಹೆದರುತ್ತಾನೆ. ಸಂಬಳವಿಲ್ಲದೆ ದುಡಿಯುವ ಮನೆಯಾಳು ಎಲ್ಫ್‌ಗಳ ಪರ ಹರ್ಮಯನಿ ಸಂಘ ಕಟ್ಟಿದಾಗ ನಕ್ಕವರೇ ಹೆಚ್ಚು, ರಾನ್ ಕೂಡ. ದುಷ್ಟ ಸತ್ತ, ವ್ಯವಸ್ಥೆ ಉಳಿಯಿತು. ಇದನ್ನು ಹೇಳಿದ್ದು ಮಗನಲ್ಲ, ನಾನು. ಹೇಳುತ್ತಿದ್ದಂತೆ ನನ್ನ ಪಕ್ಷದ ಮೇಲೆ ನಾನೇ ಕಲ್ಲು ಹೊಡೆಯುತ್ತಿದ್ದೇನೆಂದು ಅರಿವಾಯಿತು. ಅಕ್ಕನ ಮಗಳು ಕನ್ನಡಿಯಲ್ಲಿ ನನ್ನನ್ನು ಗುರಾಯಿಸಿದಳು. “ಮಾಮಾ, ಜಗತ್ತು ಹಂಗs ಇರ್ತದ. ರೋಲಿಂಗ್ ಸುಳ್ಳು ಹೇಳ್ಲಿಲ್ಲ ಅಷ್ಟ. ಆಣೆ ಮಾಡಿದ ಮಾತ್ರಕ್ಕ ದೇವರು ಸುಧಾರಿಸ್ತಾರೇನು? ಮುಂದಿನ ಸರಣಿಯೊಳಗ ಝೂಸ್ ಮತ್ತ ಬಾಗಿಲಾ ಹಾಕ್ಕೊಂಡು ಕೂಡ್ತಾನ.” ಅದೂ ನಿಜವೇ. 2010ರಲ್ಲಿ ಶುರುವಾದ ‘ಹೀರೋಸ್ ಆಫ್ ಒಲಿಂಪಸ್’ ಹಾಗೇ ಆರಂಭವಾಗುತ್ತದೆ. ಬೈಯುತ್ತ ಬೈಯುತ್ತಲೇ ಅವಳೂ ಅದನ್ನೆಲ್ಲ ಓದಿದ್ದಾಳೆಂದು ಗೊತ್ತಾದದ್ದು ಆಗಲೇ.

ಸಿನಿಮಾಗಳ ಮಾತು ಬೇಡ. ಪಾಟರ್‌ಗೆ ಎಂಟು ಒಳ್ಳೆಯ ಚಿತ್ರಗಳು ಸಿಕ್ಕವು. ಪರ್ಸಿಯ ಎರಡರ ಬಗ್ಗೆ ರಿಯೋರ್ಡನ್ ಅವರೇ ಬೇಸರಪಟ್ಟುಕೊಂಡಿದ್ದಾರೆ.

ಕಿತ್ತೂರು ದಾಟಿದ ಮೇಲೆ ತೀರ್ಪು ಬಂತು. ಎಲ್ಲ ಕೇಳಿಸಿಕೊಂಡ ನ್ಯಾಯಾಧೀಶೆ ಹೇಳಿದ್ದು, ಗೆದ್ದವಳು ಸ್ಯಾಲಿ. ಪರ್ಸಿಯ ತಾಯಿ. ಮಗನ ವಾಸನೆ ರಾಕ್ಷಸರಿಗೆ ತಿಳಿಯದಿರಲಿ ಎಂದು ನಾರುವ ಒಬ್ಬ ಗಂಡನನ್ನು ಕಟ್ಟಿಕೊಂಡು ಸಹಿಸಿದವಳು. ನೀಲಿ ಬಣ್ಣದ ತಿಂಡಿ ಎಂಬುದೇ ಇಲ್ಲ ಎಂದು ಅವನು ಒಮ್ಮೆ ವಾದಿಸಿದ್ದಕ್ಕೆ ಅಂದಿನಿಂದ ಮಗನಿಗೆ ಎಲ್ಲವನ್ನೂ ನೀಲಿ ಮಾಡಿಯೇ ತಿನ್ನಿಸುವವಳು. ನಮ್ಮ ಮನೆಯಲ್ಲಿ ಇದರಿಂದಾಗಿ ಶಂಖಪುಷ್ಪದ ನೀಲಿ ಇಡ್ಲಿ ಆಗಿಹೋಗಿದೆ. ಹ್ಯಾರಿಯ ತಾಯಿ ಮಗನಿಗಾಗಿ ಸತ್ತಳು, ದೊಡ್ಡದೇ, ಆದರೆ ದಿನವೂ ಬದುಕಿದ್ದು ಮಾಡುವುದು ಇನ್ನೂ ಕಷ್ಟ ಎಂಬುದು ತೀರ್ಪಿನ ಸಾರ. ಇಬ್ಬರು ವಕೀಲರೂ ಮೇಲ್ಮನವಿ ಸಲ್ಲಿಸಲಿಲ್ಲ.

ಧಾರವಾಡದಲ್ಲಿ ಆ ರಾತ್ರಿ ಊಟವಾದ ಮೇಲೆ ಮಗ ಅಜ್ಜಿಗೆ ಲ್ಯೂಕ್‌ನ ಕಥೆ ಹೇಳುತ್ತಿದ್ದ. ಓದುವಾಗ ತೊದಲುವ ಹುಡುಗ ಹೇಳುವಾಗ ಎಲ್ಲಿಯೂ ನಿಲ್ಲುವುದಿಲ್ಲ. ಹಿಂದೊಮ್ಮೆ ಅವನಿಗೆ ನಾನು ರೋಶನಿ ಚೋಕ್ಷಿಯವರ ‘ಅರು ಶಾ ಆಂಡ್ ದಿ ಎಂಡ್ ಆಫ್ ಟೈಮ್’ ತಂದುಕೊಟ್ಟಿದ್ದೆ. 2018ರಲ್ಲಿ ರಿಯೋರ್ಡನ್ ಅವರ ಹೆಸರಿನ ಮಾಲೆಯಲ್ಲೇ ಬಂದದ್ದು. ಅಟ್ಲಾಂಟಾದ ಹುಡುಗಿಯೊಬ್ಬಳು ಪಾಂಡವರಲ್ಲಿ ಒಬ್ಬರ ಮರುಜನ್ಮ, ಇಂದ್ರನ ಮಗಳು. ಅರ್ಜುನ ಹುಡುಗಿಯಾಗಿ ಅಮೆರಿಕದಲ್ಲಿ ಹುಟ್ಟಿದ್ದು ಕೇಳಿ ಅಮ್ಮ ಅರ್ಧ ತಾಸು ನಕ್ಕಿದ್ದಳು. ಈ ಸಲ ನಗಲಿಲ್ಲ. ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿ ಕೇಳುತ್ತಿದ್ದಳು.

“ಇದು ಕರ್ಣನ ಕಥಿ” ಎಂದಳು. “ಹೆತ್ತಾವ್ರು ನಮ್ಮಾಂವ ಅನ್ಲಿಲ್ಲ, ಅನ್ನ ಹಾಕಿದಾಂವ ದುರ್ಯೋಧನ. ಮತ್ತ ಯಾವ ಕಡೆ ಹೋಗಬೇಕು ಅಂವ?”

ಈ ವಿಚಾರಣೆ ನಮ್ಮಲ್ಲಿ ಸಾವಿರ ವರ್ಷದಿಂದ ನಡೆದಿದೆ. 941ರಲ್ಲಿ ‘ವಿಕ್ರಮಾರ್ಜುನ ವಿಜಯ’ ಬರೆದ ಪಂಪ ತನ್ನ ದೊರೆ ಅರಿಕೇಸರಿಯನ್ನು ಅರ್ಜುನನಿಗೆ ಹೋಲಿಸಿ ಹಾಡಹೊರಟವನು. ನಾಯಕ ಯಾರೆಂಬುದರಲ್ಲಿ ಅನುಮಾನವೇ ಇರಲಿಲ್ಲ. ಆದರೂ ಕರ್ಣ ಬಿದ್ದ ಗಳಿಗೆಯಲ್ಲಿ ಅವನ ಮನಸ್ಸು ಎತ್ತ ವಾಲಿತೆಂಬುದು ಕನ್ನಡ ಓದಿದವರಿಗೆಲ್ಲ ಗೊತ್ತು. ಇದನ್ನು ನಾನು ಪಿಯುಸಿಯಲ್ಲೇ ಪಾಠವಾಗಿ ಕೇಳಿದ್ದೆ, ಅದೇ ವರ್ಷ ಪಾಟರ್‌ನ ಮೂರನೇ ಪುಸ್ತಕವನ್ನೂ ಓದುತ್ತಿದ್ದೆ. ಎರಡೂ ಒಂದೇ ಅಂಗಳದ ಮಾತೆಂದು ಆಗ ಹೊಳೆದಿರಲಿಲ್ಲ.

“ಕಡೀಕ ಅವರಪ್ಪ ಬಂದನೇನು?” ಅಮ್ಮ ಕೇಳಿದಳು.

“ಬಂದ ಅಜ್ಜಿ. ಅಂವ ಸತ್ತ ಮ್ಯಾಲೆ.”

“ಕುಂತೀನೂ ಹಂಗs ಮಾಡಿದಳು” ಎಂದು ಅಮ್ಮ ಅಡಿಕೆಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ, ಮಗನ ಕೈಯಲ್ಲಿದ್ದ ಪುಸ್ತಕದ ಕಡೆ ನೋಡಿ, “ಎಷ್ಟು ಹಾಳಿ ಅದಾವ ಅದರಾಗ?” ಎಂದಳು.

“ಭಾಳ ಇಲ್ಲ. ನಾನs ಓದಿ ಹೇಳ್ತೀನಿ, ಆದ್ರ ಸಾವಕಾಶ.”

“ನನಗೇನು ಅವಸರ ಇಲ್ಲ” ಎಂದು ಅಮ್ಮ ಗೋಡೆಗೆ ಒರಗಿ ಕೂತಳು.